ನಾಲ್ಕನೇ ಸ್ಥಳ: ಒಂದು ಮನೆ

ನಾನು ನನ್ನ ತಂಗಿಯ ಕಿವಿಗೆ ಹೊಡೆದದ್ದು ಅವಳು ಬರೆದ ವರದಿಯ ಏಳುನೂರ ನಲವತ್ತೆರಡನೇ ಪದಕ್ಕೆ. ಸಂಖ್ಯೆ ಇನ್ನೂ ನೆನಪಿದೆ. ಪ್ರತಿ ಪದದ ಮೇಲೂ ಪೆನ್ಸಿಲ್ಲಿನಿಂದ ಒಂದು ಚುಕ್ಕೆ ಇಡುತ್ತಾ, ಹನ್ನೆರಡು ಚುಕ್ಕೆಗೆ ಒಂದು ಗೀಟು ಎಳೆಯುತ್ತಾ ಹೋಗಿದ್ದೆ. ಅರವತ್ತೊಂದು ಗೀಟು, ಆಮೇಲೆ ಹತ್ತು ಚುಕ್ಕೆ. ಹತ್ತನೆಯ ಚುಕ್ಕೆಯ ಹತ್ತಿರ ಪೆನ್ಸಿಲ್ ಮುರಿದಿತ್ತು.

ಅವಳು ಆಗ ಕುರುಗೋಡಿನಲ್ಲಿ ಒಂಬತ್ತನೇ ತರಗತಿ ಓದುತ್ತಿದ್ದಳು. ನಾನು ಏಳನೇ ತರಗತಿಗೇ ಶಾಲೆ ಬಿಟ್ಟವನು. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಒಂದು ಕಡೆ ಬಟ್ಟೆ ಕತ್ತರಿಸುವ ಕೆಲಸ ನನ್ನದು. ಬೆಳಿಗ್ಗೆ ಬಸ್ಸು ಹತ್ತಿ ಹೋಗಿ ಸಂಜೆ ಬಸ್ಸಿಗೆ ಬರುತ್ತಿದ್ದೆ. ಮನೆಯಲ್ಲಿ ನಾವು ಮೂವರು: ಅವ್ವ, ತಂಗಿ, ನಾನು.

ಅಪ್ಪ ಸತ್ತು ಆಗಲೇ ಆರು ವರ್ಷವಾಗಿತ್ತು. ಅಪ್ಪ ಕುಡಿದು ಬಂದು ಅವ್ವನನ್ನು ಹೊಡೆಯುತ್ತಿದ್ದ. ಒಮ್ಮೆ ಅವಳ ಕೈಯನ್ನು ಬಾಗಿಲಿಗೆ ಸಿಕ್ಕಿಸಿ ಬಾಗಿಲು ಒತ್ತಿದ್ದ. ಅವಳ ಎರಡು ಬೆರಳು ಇವತ್ತಿಗೂ ನೆಟ್ಟಗಾಗಿಲ್ಲ. ಹದಿನೇಳನೇ ವಯಸ್ಸಿನಲ್ಲಿ ನಾನು ಅಪ್ಪನ ಕೈ ಹಿಡಿದು ತಿರುವಿ ಗೋಡೆಗೆ ಒತ್ತಿದ ದಿನದಿಂದ ಅವನು ಹೊಡೆಯುವುದನ್ನು ನಿಲ್ಲಿಸಿದ. ಓಣಿಯವರು ನನ್ನನ್ನು ಹೊಗಳಿದರು. ನಾನು ಕುಡಿಯುವುದಿಲ್ಲ ಎಂದು ಎಲ್ಲರ ಮುಂದೆ ಹೇಳಿಕೊಂಡು ತಿರುಗುತ್ತಿದ್ದೆ.

ಕುಡಿಯದೆಯೇ ಹೊಡೆಯಲು ಶುರು ಮಾಡಿದೆ. ಮೊದಲು ಅನ್ನ ಆರಿದೆ ಎಂದು ತಟ್ಟೆ ಎಸೆದೆ. ಆಮೇಲೆ ಬಾಗಿಲಿಗೆ ಒದ್ದೆ. ಅಡ್ಡ ಬಂದ ಅವ್ವನನ್ನು ತಳ್ಳಿದಾಗ ಅವಳ ಭುಜ ನೀರಿನ ಡ್ರಮ್ಮಿಗೆ ಬಡಿಯಿತು. ತಂಗಿಗೆ ಬಟ್ಟೆ ನೇತುಹಾಕುವ ತಂತಿಯಿಂದ ಹೊಡೆದೆ, ಸ್ಕೇಲಿನಿಂದ ಹೊಡೆದೆ, ಒಮ್ಮೆ ಜಡೆ ಹಿಡಿದು ಅಂಗಳದ ತನಕ ಎಳೆದೆ. ಕಾರಣಗಳು ಈಗ ಒಂದೂ ನೆನಪಿಲ್ಲ. ಹೊಡೆದ ಮರುದಿನ ಬೆಳಿಗ್ಗೆ ಬಸ್ ನಿಲ್ದಾಣದ ಹತ್ತಿರದ ಅಂಗಡಿಯಿಂದ ಮಂಡಕ್ಕಿ ಒಗ್ಗರಣೆ, ಮಿರ್ಚಿ ಕಟ್ಟಿಸಿಕೊಂಡು ಬರುತ್ತಿದ್ದೆ. ಮೂವರೂ ಕೂತು ತಿನ್ನುತ್ತಿದ್ದೆವು. ಪೊಟ್ಟಣದ ಕಾಗದ ಮುದುಡಿ ಎಸೆದರೆ ಅಲ್ಲಿಗೆ ಮಾತು ಮುಗಿದಂತೆ. ನಮ್ಮ ಮನೆಯಲ್ಲಿ ಯಾರೂ ಯಾರಿಗೂ ತಪ್ಪಾಯಿತು ಎಂದು ಹೇಳಿದ್ದು ನಾನು ಕೇಳಿಲ್ಲ.

ತಂಗಿಯ ವಿಜ್ಞಾನದ ಪ್ರಾಜೆಕ್ಟಿನ ವಿಷಯ ನಮ್ಮ ಸುತ್ತಲಿನ ಶಬ್ದ. ಶಬ್ದ ಅಳೆಯುವ ಒಂದು ಆ್ಯಪನ್ನು ನನ್ನ ಫೋನಿಗೆ ಹಾಕಿಕೊಂಡಿದ್ದಳು. ಅದರಲ್ಲಿ ಒಂದು ಮುಳ್ಳು ಹಸಿರು, ಹಳದಿ, ಕೆಂಪು ಬಣ್ಣಗಳ ಮೇಲೆ ಓಡಾಡುತ್ತದೆ. ನಾನೇ ಒಂದು ಶನಿವಾರ ಅವಳನ್ನು ಬಳ್ಳಾರಿಗೆ ಕರೆದುಕೊಂಡು ಹೋಗಿ ನಮ್ಮ ಮಷೀನ್ ಹಾಲ್ ತೋರಿಸಿದೆ. ಅವಳು ಫೋನ್ ಹಿಡಿದು ಸಾಲು ಸಾಲಾಗಿ ನಡೆದಳು. ಹೊಲಿಯುವವರೆಲ್ಲ ಅವಳನ್ನು ಮೇಡಮ್ಮೋರು ಎಂದು ರೇಗಿಸಿದರು. ನನಗೆ ಹೆಮ್ಮೆಯಾಗಿತ್ತು. ಸಿರುಗುಪ್ಪದಲ್ಲಿ ದೊಡ್ಡವ್ವನ ಮನೆಯ ಹತ್ತಿರದ ಅಕ್ಕಿ ಗಿರಣಿಯಲ್ಲಿ ಅಳೆದಳು. ಕುರುಗೋಡಿನ ಬಸ್ ನಿಲ್ದಾಣದಲ್ಲಿ ಅಳೆದಳು. ಒಂದು ವಾರ ಪ್ರತಿ ಸಂಜೆ ನಾನು ಮನೆಗೆ ಬಂದ ಕೂಡಲೇ ಫೋನ್ ಕೇಳಿ ತೆಗೆದುಕೊಂಡು ಗೋಡೆಯ ಗೂಡಿನಲ್ಲಿ ಇಡುತ್ತಿದ್ದಳು. ಚಾರ್ಜಿಗೆ ಹಾಕುತ್ತಾಳೆ ಅಂದುಕೊಂಡಿದ್ದೆ.

ಸುತ್ತಲಿನ ಶಾಲೆಗಳಿಗೆಲ್ಲ ಸೇರಿ ಸಿರುಗುಪ್ಪದಲ್ಲಿ ವಸ್ತುಪ್ರದರ್ಶನವಿತ್ತು. ಅಲ್ಲಿ ಆಯ್ಕೆಯಾದವರು ಬಳ್ಳಾರಿಗೆ, ಜಿಲ್ಲಾ ಮಟ್ಟಕ್ಕೆ. ಅವಳಿಗೆ ಬಳ್ಳಾರಿಯಲ್ಲಿ ನಿಂತು ಮೈಕಿನಲ್ಲಿ ವಿವರಿಸಬೇಕೆಂಬ ಆಸೆ. ಊಟ ಮಾಡುವಾಗಲೂ ಅದೇ ಮಾತು. ವರದಿ ಸಾವಿರ ಪದ ಮೀರಬಾರದು, ಮೀರಿದರೆ ಓದದೆಯೇ ಪಕ್ಕಕ್ಕೆ ಇಡುತ್ತಾರೆ ಎಂದು ಅವಳ ಸರ್ ಹೇಳಿದ್ದರು. ಅವಳು ಎರಡು ಸಲ ಎಣಿಸಿದಾಗ ಎರಡು ಬೇರೆ ಬೇರೆ ಲೆಕ್ಕ ಬಂದಿತ್ತು. ಎಣಿಸುವುದರಲ್ಲಿ ನಾನು ಗಟ್ಟಿ. ದಿನಕ್ಕೆ ಎಷ್ಟೋ ಬಂಡಲ್ ತುಂಡು ಎಣಿಸಿ ಕಟ್ಟುವವನು ನಾನು. ಶನಿವಾರ ಸಂಜೆ ಕೂತು, ಓದದೆ ಬರೀ ಎಣಿಸಿದೆ. ಪಟ್ಟಿಯಲ್ಲಿದ್ದ ಅಂಕಿಗಳನ್ನೂ ತಲೆಬರಹಗಳನ್ನೂ ಬಿಡಲಿಲ್ಲ. ಸಾವಿರದ ತೊಂಬತ್ತು ಬಂತು.

ಪಟ್ಟಿಯನ್ನು ಎಣಿಸಬಾರದು ಅಂತ ಸರ್ ಏನೋ ಹೇಳಿದ ಹಾಗಿತ್ತು ಎಂದು ಅವಳು ಅನುಮಾನಿಸಿದಳು.

"ಬಂಡಲ್‌ನಾಗ ಜೇಬಿನ ತುಂಡು ಬಿಟ್ಟು ಎಣಸ್ತಾರೇನ್ಲೇ?" ಅಂದೆ. "ತುಂಡು ಅಂದಮ್ಯಾಲ ತುಂಡು."

ತೊಂಬತ್ತು ಪದ ಜಾಸ್ತಿ ಎಂದಾದ ಮೇಲೆ ಕತ್ತರಿಸುವುದು ಎಲ್ಲಿ? ಉದ್ದವಾದ ಪ್ಯಾಂಟನ್ನು ಕೆಳಗಿನಿಂದ ಕತ್ತರಿಸಿ ಮಡಚಿ ಹೊಲಿಯುವ ಹಾಗೆ ಕೊನೆಯ ತೊಂಬತ್ತು ಪದ ತೆಗೆದುಬಿಡು ಎಂದೆ. ಅವಳು ನಕ್ಕಳು.

"ಪ್ಯಾಂಟ್ ಅಲ್ಲಣ್ಣಾ ಇದು. ಕೆಳಗ ಕತ್ತರಿಸಿದ್ರ ಉತ್ತರನ ಹೋಗತೈತಿ."

ಹಾಗಾದರೆ ಎಲ್ಲಿ ಸಡಿಲವಿದೆ ಎಂದು ನಾನೇ ಓದಿ ನೋಡುತ್ತೇನೆ ಎಂದೆ. ಭಾನುವಾರ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಚಾಪೆಯ ಮೇಲೆ ಕೂತೆವು. ಅವಳು ಎದುರಿಗೆ, ಅವ್ವ ಒಲೆಯ ಹತ್ತಿರ. ನಾನು ಓದುವುದು ನಿಧಾನ. ಒಂದೊಂದು ಪದದ ಮೇಲೂ ಬೆರಳಿಟ್ಟು, ಚುಕ್ಕೆ ಇಟ್ಟು, ಮುಂದೆ ಹೋಗಬೇಕು. ಶಾಲೆ ಬಿಟ್ಟ ಮೇಲೆ ಅಷ್ಟು ಉದ್ದದ್ದನ್ನು ಪೂರ್ತಿ ಓದಿದ್ದು ಅದೇ ಮೊದಲು. ಮಷೀನ್ ಹಾಲ್ ಬಂತು, ಗಿರಣಿ ಬಂತು, ಬಸ್ ನಿಲ್ದಾಣ ಬಂತು. ಚೆನ್ನಾಗಿ ಬರೆದಿದ್ದೀ ಅಂತಲೂ ಹೇಳಿದೆ. ಅವಳು ನನ್ನ ಬೆರಳನ್ನೇ ನೋಡುತ್ತಿದ್ದಳು. ಬೆರಳು ಎಲ್ಲಿಗೆ ಹೋಗುತ್ತಿದೆ ಎಂದು ಅವಳಿಗೆ ಗೊತ್ತಿತ್ತು. ಎದ್ದು ಹೋಗಲಿಲ್ಲ.

'ನಾಲ್ಕನೇ ಸ್ಥಳ: ಒಂದು ಮನೆ. ಇಲ್ಲಿ ಯಂತ್ರಗಳಿಲ್ಲ. ಆದರೂ ಏಳು ಸಂಜೆಗಳಲ್ಲಿ ಐದು ಸಂಜೆ ಮುಳ್ಳು ಕೆಂಪನ್ನು ಮುಟ್ಟಿತು. ಕಾರಣಗಳು: ಒಬ್ಬರ ಕೂಗು, ಪಾತ್ರೆ ಎಸೆಯುವುದು, ಬಾಗಿಲಿಗೆ ಒದೆಯುವುದು. ಹೊಡೆತದ ಶಬ್ದ ಕೂಗಿಗಿಂತ ಚಿಕ್ಕದು. ಆದ್ದರಿಂದ ಮುಳ್ಳು ಅದನ್ನು ತೋರಿಸುವುದಿಲ್ಲ.'

ಅಲ್ಲಿಗೆ ಪೆನ್ಸಿಲ್ ಮುರಿಯಿತು. ನನ್ನ ಫೋನಿನಲ್ಲೇ ನನ್ನನ್ನು ಅಳೆದಿದ್ದಾಳೆ, ಸಿರುಗುಪ್ಪದಲ್ಲಿ ಊರವರ ಮುಂದೆ ಇಡುತ್ತಾಳೆ ಎಂಬುದಷ್ಟೇ ತಲೆಗೆ ಹೋಯಿತು. ಏನೂ ಕೇಳದೆ ಕೂತಲ್ಲಿಂದಲೇ ಅಂಗೈ ಬೀಸಿದೆ. ಅದು ಅವಳ ಎಡಗಿವಿಯ ಮೇಲೆ ಪೂರ್ತಿಯಾಗಿ ಬಿತ್ತು. ಅವಳು ಬಲಕ್ಕೆ ಉರುಳಿದಳು. ಎದ್ದು ಕೂರಲು ಹೋದವಳನ್ನು ಇನ್ನೊಮ್ಮೆ ಬೆನ್ನಿಗೆ ಹೊಡೆದೆ. ಅವ್ವ ಬಂದು ಮಧ್ಯೆ ಬಗ್ಗಿದಾಗ ಅವಳ ಬೆನ್ನಿಗೂ ಬಿತ್ತು. ತಂಗಿ ಅಳಲಿಲ್ಲ. ಕಿವಿಯನ್ನು ಅಂಗೈಯಿಂದ ಮುಚ್ಚಿ, ತೆಗೆದು, ಮತ್ತೆ ಮುಚ್ಚಿ, ಏನೋ ಪರೀಕ್ಷೆ ಮಾಡುವವಳ ಹಾಗೆ ಕೂತಿದ್ದಳು. ಆಮೇಲೆ ಕೈ ನೋಡಿಕೊಂಡಳು. ಬೆರಳ ತುದಿಯಲ್ಲಿ ತುಸು ರಕ್ತವಿತ್ತು.

ನಾನು ಮನೆಯಲ್ಲಿದ್ದ ಬಟ್ಟೆಯ ಕತ್ತರಿ ತೆಗೆದುಕೊಂಡು ಆ ಹಾಳೆಯಿಂದ ನಾಲ್ಕನೇ ಸ್ಥಳವನ್ನು ಅದರ ಪಟ್ಟಿಯ ಸಮೇತ ನೇರವಾಗಿ ಕತ್ತರಿಸಿದೆ. ಗೀಟು ಸೊಟ್ಟಗಾಗಲಿಲ್ಲ. ತುಂಡನ್ನು ಅಂಗಿಯ ಜೇಬಿಗೆ ಹಾಕಿಕೊಂಡೆ.

"ತೊಂಬತ್ತು ಹೋತು ನೋಡು. ಈಗ ಸಾವಿರದಾಗ ಕುಂತೈತಿ," ಅಂದೆ.

ಮರುದಿನ ಬೆಳಿಗ್ಗೆ ಮಿರ್ಚಿ ತಂದೆ. ಅವಳು ಒಂದು ತುತ್ತು ಬಾಯಿಗೆ ಹಾಕಿಕೊಂಡಳು. ಅಗಿದರೆ ಕಿವಿಯೊಳಗೆ ನೋವು. ತುತ್ತನ್ನು ಕಾಗದದ ಮೇಲೆ ಉಗುಳಿ, ಮಡಚಿಟ್ಟಳು. ಅವತ್ತೇ ಮೂವರೂ ಬಳ್ಳಾರಿಯ ದೊಡ್ಡಾಸ್ಪತ್ರೆಗೆ ಹೋದೆವು.

ಕಿವಿ ನೋಡುವ ಕೋಣೆಯ ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದಾಗ ಬಸ್ ಟಿಕೆಟ್ ಹುಡುಕಲು ಜೇಬಿಗೆ ಕೈ ಹಾಕಿದೆ, ಆ ತುಂಡು ಸಿಕ್ಕಿತು. ಹಿಂದಿನ ದಿನದ ಅಂಗಿಯನ್ನೇ ಹಾಕಿಕೊಂಡಿದ್ದೆ. ನಾನು ಓದಿದ್ದು ಅರ್ಧ ಮಾತ್ರ. ಪೆನ್ಸಿಲ್ ಚುಕ್ಕೆಗಳು ನಿಂತ ಮೇಲೆ ಇನ್ನೂ ಐದಾರು ಸಾಲು ಇದ್ದವು.

'ಈ ಮನೆಯಲ್ಲಿ ಕೂಗುವವರು ಹನ್ನೊಂದು ವರ್ಷದಿಂದ ಯಂತ್ರಗಳ ನಡುವೆ ದುಡಿಯುತ್ತಿದ್ದಾರೆ. ಹೆಚ್ಚು ಶಬ್ದದಲ್ಲಿ ಬಹಳ ಕಾಲ ಇದ್ದವರ ಕಿವಿ ಮಂದವಾಗುತ್ತದೆ. ತಮ್ಮ ಕೂಗು ಎಷ್ಟು ದೊಡ್ಡದು ಎಂದು ಅವರಿಗೆ ತಿಳಿಯುವುದಿಲ್ಲ. ಆದ್ದರಿಂದ ಇದು ಅವರೊಬ್ಬರ ತಪ್ಪಲ್ಲ. ಕಾರ್ಖಾನೆಗಳಲ್ಲಿ ಕಿವಿಗೆ ಹಾಕಿಕೊಳ್ಳುವ ರಕ್ಷಣೆಯನ್ನು ಕೊಟ್ಟರೆ ಮನೆಗಳೂ ಶಾಂತವಾಗಬಹುದು.'

ಅದನ್ನು ನಾನು ಎರಡು ಸಲ ಓದಿದೆ. ಪಕ್ಕದಲ್ಲಿ ಅವಳು ಕಿವಿಗೆ ಅವ್ವನ ಸೆರಗು ಒತ್ತಿಕೊಂಡು ಕೂತಿದ್ದಳು. ನನ್ನ ಕಿವಿ ಮಂದವಾಗಿರುವುದು ನಿಜವಿರಬಹುದು. ಕೈಗೆ ಏನಾಗಿತ್ತು ಎಂದು ಅವಳು ಬರೆದಿರಲಿಲ್ಲ. ಅದಕ್ಕೆ ಅವಳಿಗೂ ಕಾರಣ ಸಿಕ್ಕಿರಲಿಕ್ಕಿಲ್ಲ.

ಒಳಗೆ ಡಾಕ್ಟರಮ್ಮ ದೀಪ ಬಿಟ್ಟು ನೋಡಿದರು. ಬಚ್ಚಲಿನಲ್ಲಿ ಜಾರಿ ಬಿದ್ದಳು ಎಂದು ಅವ್ವ ಹೇಳಿದಳು. ಅಪ್ಪ ಬೆರಳು ಮುರಿದಾಗಲೂ ಅವಳು ಅದೇ ಬಚ್ಚಲನ್ನು ಹೇಳಿದ್ದಳು. ಡಾಕ್ಟರಮ್ಮ ತಂಗಿಯ ಕಡೆಗೆ ಬಾಗಿದರು.

"ಬಿದ್ರ ಕಿವಿಪರದೆ ಹಿಂಗ ಹರಿಯಂಗಿಲ್ಲಮ್ಮ. ಯಾರು ಹೊಡದ್ರು?"

ತಂಗಿ ಗೋಡೆ ನೋಡಿದಳು. ನಾನು ಬಾಗಿಲ ಹತ್ತಿರ ನಿಂತಿದ್ದೆ. ತೂತು ತಾನಾಗಿ ಮುಚ್ಚಬಹುದು, ಮುಚ್ಚದಿದ್ದರೆ ಆಪರೇಷನ್, ನೀರು ತಾಗಿಸಬೇಡಿ ಎಂದು ಹೇಳಿ ಅವರು ಚೀಟಿ ಬರೆದುಕೊಟ್ಟರು. ಕೊಡುವಾಗ ನನ್ನ ಕೈಗೆ ಕೊಡಲಿಲ್ಲ, ಅವ್ವನ ಕೈಗೆ ಕೊಟ್ಟರು.

ಮುಂದಿನ ಹತ್ತು ದಿನ ಅವಳು ಕಿವಿಯಲ್ಲಿ ಹತ್ತಿ ಇಟ್ಟುಕೊಂಡು ವರದಿಯನ್ನು ಹೊಸದಾಗಿ ಬರೆದಳು. ನಾಲ್ಕನೇ ಸ್ಥಳವನ್ನು ಬರೆಯಲಿಲ್ಲ. ಬರೆ ಎಂದು ನಾನು ಹೇಳಲಿಲ್ಲ. ಜೇಬಿನ ತುಂಡನ್ನು ಕೊಡಲೂ ಇಲ್ಲ. ಆದರೆ ದೊಡ್ಡ ಚಾರ್ಟ್ ಮೊದಲೇ ಸಿದ್ಧವಾಗಿತ್ತು. ಅದರಲ್ಲಿ ನಾಲ್ಕು ಕಂಬಗಳು. ಮೂರರ ಕೆಳಗೆ ಹೆಸರಿತ್ತು. ನಾಲ್ಕನೆಯ ಕೆಂಪು ಕಂಬದ ಕೆಳಗಿದ್ದ ಹೆಸರಿನ ಮೇಲೆ ಬಿಳಿ ಕಾಗದ ಅಂಟಿಸಿದ್ದಳು. ಕಂಬವನ್ನು ಮುಚ್ಚಿರಲಿಲ್ಲ.

ಸಿರುಗುಪ್ಪಕ್ಕೆ ಚಾರ್ಟ್ ಹಿಡಿದುಕೊಂಡು ಅವಳ ಜೊತೆ ಹೋದವನು ನಾನೇ. ಶಾಲೆಯ ಹಾಲಿನಲ್ಲಿ ಮೇಜುಗಳ ಸಾಲು. ತೀರ್ಪುಗಾರರಾಗಿ ಬಂದ ಒಬ್ಬ ಹಿರಿಯ ಮೇಷ್ಟ್ರು ಅವಳ ವರದಿ ತಿರುವಿ, ಚಾರ್ಟ್ ನೋಡಿ ಮೆಚ್ಚಿದರು. ಅವರು ಎಡಗಡೆ ನಿಂತು ಮಾತಾಡಿದಾಗಲೆಲ್ಲ ಅವಳು ಬಲಗಿವಿಯನ್ನು ಅವರ ಕಡೆ ತಿರುಗಿಸುತ್ತಿದ್ದಳು. ನಾಲ್ಕನೆಯ ಕಂಬ ಯಾವ ಜಾಗದ್ದು, ಎಲ್ಲಕ್ಕಿಂತ ಎತ್ತರವಿದೆಯಲ್ಲ, ವರದಿಯಲ್ಲಿ ಇಲ್ಲವಲ್ಲ ಎಂದು ಕೇಳಿದರು.

ನಾನು ಅವಳ ಹಿಂದೆ ಎರಡು ಹೆಜ್ಜೆ ದೂರದಲ್ಲಿದ್ದೆ. ತುಂಡು ಜೇಬಿನಲ್ಲೇ ಇತ್ತು.

"ಪದ ಜಾಸ್ತಿ ಆಗಿದ್ವು ರೀ ಸರ್," ಅಂದಳು. "ಅದಕ್ಕ ತೆಗೆದ್ವಿ."

"ಪಟ್ಟಿ, ತಲೆಬರಹ ಎಣಸಂಗಿಲ್ಲಮ್ಮ. ನಿಂದು ಸಾವಿರದ ಹತ್ತಿರಕ್ಕೂ ಬಂದಿಲ್ಲ. ಸುಳ್ಳು ಯಾಕ ಹೇಳ್ತಿ?"

ಅಳೆಯದೆಯೇ ಕಂಬ ಬರೆದಿದ್ದೀಯೇನು ಎಂದೂ ಕೇಳಿದರು. ಅವಳ ಕುತ್ತಿಗೆ ಕೆಂಪಾದದ್ದು ಹಿಂದಿನಿಂದ ಕಾಣುತ್ತಿತ್ತು. ಅಳೆದಿದ್ದೀನಿ ಸರ್ ಎಂದಷ್ಟೇ ಹೇಳಿದಳು. ಎಲ್ಲಿ ಎಂದು ಕೇಳಿದಾಗ ಬಿಳಿ ಕಾಗದದ ಅಂಚನ್ನು ಉಗುರಿನಿಂದ ಒತ್ತಿದಳು. ಅವರು ಸ್ವಲ್ಪ ಹೊತ್ತು ಕಾದರು. ಆ ಸ್ವಲ್ಪ ಹೊತ್ತು ನನ್ನದಾಗಿತ್ತು. ಎರಡು ಹೆಜ್ಜೆ ಇಟ್ಟು ಕಾಗದ ಕೊಟ್ಟಿದ್ದರೆ ಸಾಕಿತ್ತು. ನಾನು ಚಾರ್ಟಿನ ಮೂಲೆ ಸರಿಮಾಡುವವನ ಹಾಗೆ ಬಗ್ಗಿದೆ. ಅವರು ಏನೋ ಬರೆದುಕೊಂಡು ಮುಂದಿನ ಮೇಜಿಗೆ ಹೋದರು. ಮಧ್ಯಾಹ್ನ ಹೆಸರು ಓದಿದಾಗ ಅವಳ ಹೆಸರು ಇರಲಿಲ್ಲ.

ಹೊಡೆದದ್ದಕ್ಕಿಂತ ಆ ಬಗ್ಗಿದ್ದನ್ನು ಬರೆಯುವುದೇ ನನಗೆ ಕಷ್ಟವಾಗುತ್ತಿದೆ. ಹೊಡೆದಾಗ ಸಿಟ್ಟಿತ್ತು ಎಂದಾದರೂ ಹೇಳಬಹುದು. ಸಿರುಗುಪ್ಪದಲ್ಲಿ ನನಗೆ ಯಾವ ಸಿಟ್ಟೂ ಇರಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಸೀಟು ಆರಿಸಿಕೊಂಡವಳು ಅವಳೇ. ಬಲಗಡೆಯ ಸಾಲಿನಲ್ಲಿ ಕಿಟಕಿಯ ಪಕ್ಕ ಅವಳು, ಅವಳ ಎಡಕ್ಕೆ ನಾನು. ಗದ್ದೆಗಳು ಮುಗಿದವು. ಆಮೇಲೆ ನಾನು ಹೇಳಿದೆ. ತಪ್ಪಾಯಿತು ಎಂದೆ. ತುಂಡನ್ನು ಪೂರ್ತಿ ಓದಿದೆ, ನೀನು ಬರೆದದ್ದೆಲ್ಲ ನಿಜ ಎಂದೆ. ನಾನೇ ಎದ್ದು ಹೇಳಬೇಕಿತ್ತು ಎಂದೆ. ಜನ್ಮದಲ್ಲೇ ಮೊದಲ ಸಲ ಸಣ್ಣ ದನಿಯಲ್ಲಿ ಮಾತಾಡಿದೆ, ಮುಂದಿನ ಸೀಟಿನವರಿಗೆ ಕೇಳಬಾರದೆಂದು. ಬಸ್ಸಿನ ಸದ್ದು ಒಂದೇ ಸಮ ಇತ್ತು. ಅವಳು ಕಿಟಕಿಯಿಂದ ಮುಖ ತಿರುಗಿಸಲಿಲ್ಲ.

ಕುರುಗೋಡು ಬಂದು ಎದ್ದು ನಿಂತಾಗ ಕೇಳಿದಳು: "ಏನರ ಅಂದಿಯೇನಣ್ಣಾ?"

"ಏನಿಲ್ಲ," ಅಂದೆ.

ಅವಳಿಗೆ ಕೇಳಿಸಿರಲಿಲ್ಲವೋ, ಇನ್ನೊಮ್ಮೆ ಗಟ್ಟಿಯಾಗಿ ಹೇಳಲಿ ಎಂದು ಕೇಳಿದಳೋ, ಇವತ್ತಿಗೂ ಗೊತ್ತಿಲ್ಲ.

ಕಿವಿಯ ತೂತು ಮುಚ್ಚಿತು ಎಂದು ಆಮೇಲೆ ಡಾಕ್ಟರಮ್ಮ ಹೇಳಿದರು. ಆದರೂ ಅವಳು ಫೋನನ್ನು ಬಲಗಿವಿಗೇ ಹಿಡಿಯುತ್ತಾಳೆ. ಈಗ ಬಳ್ಳಾರಿಯಲ್ಲಿ ಹಾಸ್ಟೆಲಿನಲ್ಲಿದ್ದು ಪಿಯುಸಿ ಓದುತ್ತಿದ್ದಾಳೆ. ನಾನು ಕೆಲಸ ಮಾಡುವ ಜಾಗದಿಂದ ಅವಳ ಹಾಸ್ಟೆಲಿಗೆ ನಡೆದೇ ಹೋಗಬಹುದು. ಅವಳು ಕರೆದಿಲ್ಲ, ನಾನು ಹೋಗಿಲ್ಲ. ಆ ಭಾನುವಾರದ ಮೇಲೆ ನಾನು ಯಾರ ಮೇಲೂ ಕೈ ಎತ್ತಿಲ್ಲ. ಆದರೆ ನನ್ನ ದನಿ ಸ್ವಲ್ಪ ಏರಿದರೂ ಅವ್ವ ಇವತ್ತಿಗೂ ನನ್ನ ಮುಂದಿನ ತಟ್ಟೆಯನ್ನು ಮೊದಲು ಎತ್ತಿಟ್ಟುಕೊಳ್ಳುತ್ತಾಳೆ.

ಸಿರುಗುಪ್ಪದಿಂದ ಬಂದ ವಾರ ನಾನು ಅವಳ ಹಳೆಯ ಹಾಳೆಗಳನ್ನು ತೆಗೆದು, ಪಟ್ಟಿ ಬಿಟ್ಟು, ತಲೆಬರಹ ಬಿಟ್ಟು, ಕತ್ತರಿಸಿದ ತುಂಡನ್ನು ಅದರ ಜಾಗದಲ್ಲಿಟ್ಟು ಮತ್ತೆ ಎಣಿಸಿದೆ. ಒಂಬೈನೂರ ಹನ್ನೆರಡು ಪದ. ಒಂದನ್ನೂ ತೆಗೆಯಬೇಕಾಗಿರಲಿಲ್ಲ. ತುಂಡನ್ನು ಅಂಟಿಸಲು ಗೋಂದು ತಂದೆ. ಅಂಟಿಸಿದೆ. ನೇರವಾಗಿ ಕತ್ತರಿಸಿದ್ದರಿಂದ ಚೆನ್ನಾಗಿಯೇ ಕೂತಿತು. ಹಾಳೆ ನನ್ನ ಪೆಟ್ಟಿಗೆಯಲ್ಲಿದೆ. ಅದನ್ನು ಅವಳಿಗೆ ಕೊಡಬೇಕು, ಕೊಟ್ಟು ಅವಳ ಬಲಗಡೆ ನಿಂತು ಹೇಳಬೇಕು.