ಸುಗುಣನ್ ಕಟ್ಟಿದ ಏರಿ

ನಮ್ಮ ದ್ವೀಪದಲ್ಲಿ ಕೆಸರಿನ ಕೆಲಸಕ್ಕೆ ಸುಗುಣನ್ ಬಿಟ್ಟರೆ ಇನ್ನೊಬ್ಬನಿಲ್ಲ. ಹಿನ್ನೀರಿನ ಕೆಸರು ಗಂಜಿಯಂಥದು, ಎತ್ತಿದರೆ ಬೆರಳ ಸಂದಿಯಲ್ಲಿ ಸೋರಿಹೋಗುತ್ತದೆ. ಅದನ್ನು ಸೊಂಟದ ತನಕ ನೀರಿನಲ್ಲಿ ನಿಂತು ಗಡ್ಡೆಗಡ್ಡೆಯಾಗಿ ಕತ್ತರಿಸಿ, ಒಂದರ ಮೇಲೊಂದು ಕೂರಿಸಿ, ಅಂಗೈಯಲ್ಲಿ ತಟ್ಟಿ ತಟ್ಟಿ ಏರಿ ಮಾಡುತ್ತಿದ್ದ. ಅವನ ಏರಿ ಕುಸಿದದ್ದನ್ನು ನಾನು ಕಂಡಿಲ್ಲ. ಮಾತು ಕಡಿಮೆ. ನಗುವಾಗ ಮಾತ್ರ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದ, ಮುಂದಿನ ಹಲ್ಲು ಮುರಿದಿತ್ತು.

ನಾನು ಇಲ್ಲಿಯ ಪ್ರಾಥಮಿಕ ಶಾಲೆಯಲ್ಲಿ ಮಕ್ಕಳ ಮಧ್ಯಾಹ್ನದ ಅಡುಗೆಯವಳು. ಅವನ ಮಗಳು ಅನಘ ಅಲ್ಲೇ ನಾಲ್ಕನೆಯ ತರಗತಿಯಲ್ಲಿದ್ದಳು. ಹಾಗಾಗಿ ಈ ಸಂಗತಿಯೆಲ್ಲ ನನ್ನ ಕಣ್ಣೆದುರಿಗೇ ನಡೆಯಿತು.

ಶಾಲೆಯ ಹಿಂದೆ ದೊಡ್ಡ ಗದ್ದೆಬಯಲು. ಇಡೀ ಬಯಲಿಗೆ ಹಿನ್ನೀರಿನ ಕಡೆ ಒಂದೇ ತೂಬು. ಮಳೆ ಹೊಯ್ದು ಉಪ್ಪು ತೊಳೆದುಹೋದ ಮೇಲೆ ತೂಬು ಮುಚ್ಚಿ, ಪೊಕ್ಕಾಳಿ ಎಂಬ ಆಳೆತ್ತರದ ಭತ್ತ ಬಿತ್ತುವುದು. ತೆನೆ ಮಾತ್ರ ಕೊಯ್ದು ಹುಲ್ಲನ್ನು ನೀರಿನಲ್ಲೇ ಬಿಟ್ಟು ತೂಬು ತೆರೆಯುವುದು. ಉಬ್ಬರದ ಜೊತೆ ಸಿಗಡಿ ಮರಿ ಒಳಗೆ ಬರುತ್ತದೆ, ಕೊಳೆತ ಹುಲ್ಲು ತಿಂದು ಕೊಬ್ಬುತ್ತದೆ. ವಿಷು ಹಬ್ಬದ ಹೊತ್ತಿಗೆ ಗದ್ದೆಯವರು ಸಿಗಡಿ ಹಿಡಿಯುವ ಗಡುವು ಮುಗಿಯುತ್ತದೆ. ಅವತ್ತು ಊರಿನವರು ಯಾರು ಬೇಕಾದರೂ ಇಳಿದು, ಕೆಸರು ಕಲಕಿ, ಉಳಿದದ್ದನ್ನು ಬರಿಗೈಯಲ್ಲಿ ಹಿಡಿದುಕೊಳ್ಳಬಹುದು. ಅದಕ್ಕೆ ಯಾರ ಅಪ್ಪಣೆಯೂ ಬೇಡ. ನನ್ನ ಗಂಡ ಬದುಕಿರುವ ತನಕ ಹೀಗೇ ಇತ್ತು, ಅರ್ಧ ವರ್ಷ ಅಕ್ಕಿ, ಅರ್ಧ ವರ್ಷ ಸಿಗಡಿ.

ಆಮೇಲೆ ಬಯಲಿನ ಬಹುಪಾಲು ಸಿಗಡಿ ಶೆಡ್ಡಿನ ಧಣಿ ದಿವಾಕರನ್ ಮುದಲಾಳಿಯ ಕೈಗೆ ಬಂತು. ಅಕ್ಕಿಗಿಂತ ಸಿಗಡಿ ಲಾಭ ಎಂದು ಅವನು ಮಳೆಗಾಲದಲ್ಲೂ ತೂಬು ಮುಚ್ಚುವುದನ್ನು ಬಿಟ್ಟ. ಭತ್ತದ ಬೇಸಾಯ ನಿಂತುಹೋಯಿತು. ಹೆಂಗಸರೆಲ್ಲ ಅವನ ಶೆಡ್ಡಿನಲ್ಲಿ ಸಿಗಡಿ ಸುಲಿಯಲು ಹೋದರು. ಸುಗುಣನ್‌ನ ಹೆಂಡತಿ ಷೈಲಜಳೂ ಹೋದಳು. ಸುಗುಣನ್ ಮಾತ್ರ ಸತ್ತ ತಾಯಿ ಉಳಿಸಿದ್ದ ಭತ್ತದ ಬೀಜವನ್ನು ಹಿತ್ತಲ ಹೊಂಡದಲ್ಲಿ ವರ್ಷವೂ ಒಂದಿಷ್ಟು ಬಿತ್ತಿ, ಬೆಳೆದದ್ದನ್ನು ಒಣಹುಲ್ಲಿನಲ್ಲಿ ಸುತ್ತಿ, ಒಲೆಯ ಮೇಲಿನ ಅಟ್ಟದಲ್ಲಿ ಕಟ್ಟಿಡುತ್ತಿದ್ದ. ತಿನ್ನುವುದಕ್ಕಲ್ಲ, ಬೀಜ ಸಾಯಬಾರದೆಂದು. ಆ ಬಯಲಿನಲ್ಲಿ ಮತ್ತೆ ಭತ್ತ ನಿಲ್ಲಬೇಕು, ಅವನಿಗೆ ಇದ್ದ ಆಸೆ ಅದೊಂದೇ.

ಇತ್ತ ನಮ್ಮ ಶಾಲೆಗೂ ಮಕ್ಕಳಿಲ್ಲ. ಬೆಳಗಾದರೆ ಸೇತುವೆಯಾಚೆಯ ಶಾಲೆಯ ವ್ಯಾನು ಬಂದು ಹೊತ್ತುಕೊಂಡು ಹೋಗುತ್ತಿತ್ತು. ಮುಖ್ಯೋಪಾಧ್ಯಾಯಿನಿ ಎಲ್ಸಿ ಟೀಚರ್, ಪತ್ರಿಕೆಯಲ್ಲಿ ಹೆಸರು ಬಂದರೆ ಮಕ್ಕಳು ಬರುತ್ತಾರೆಂದು ಯೋಚಿಸಿ, ಇದನ್ನು ಕೃಷಿ ಶಾಲೆ ಎಂದು ಕರೆದರು. ಮಣ್ಣು ತುಂಬಿದ ಚೀಲಗಳಲ್ಲಿ ಬೆಂಡೆ, ಹೀರೆ ಗಿಡ ಬಂದವು. ಶುಕ್ರವಾರ ಮಕ್ಕಳೇ ಬರೆದ ಸುದ್ದಿಹಾಳೆ ಗೋಡೆಗೆ ಅಂಟುತ್ತಿತ್ತು. ಮನೆಯವರೂ ಬರಬೇಕೆಂದು ತಿಂಗಳಿಗೊಮ್ಮೆ ಸಭೆ. ಬರುತ್ತಿದ್ದವರೆಲ್ಲ ತಾಯಂದಿರು. ಗಂಡಸೆಂದರೆ ಸುಗುಣನ್ ಒಬ್ಬ.

ಒಂದು ಸಭೆಯಲ್ಲಿ ಅವನು ಎದ್ದು ನಿಂತ.

"ಟೀಚರೇ, ಬೆಂಡೆಕಾಯಿ ಎಲ್ಲಾ ಶಾಲೇಲೂ ಇದೆ. ಪೇಪರಿನೋರು ಬರಬೇಕಂದ್ರೆ ಪೊಕ್ಕಾಳಿ ಹಾಕಿ."

"ಗದ್ದೆ ಎಲ್ಲಿಂದ ತರಲಿ ಸುಗುಣಾ?"

"ಮುದಲಾಳೀನ ಕೇಳಿ. ಫೋಟೋದಲ್ಲಿ ಅವರೂ ಬರ್ತಾರಲ್ಲ, ಇಲ್ಲ ಅನ್ನಲ್ಲ. ಕೇಳೋದಾದ್ರೆ ನಡುಗದ್ದೇನೇ ಕೇಳಿ."

ಷೈಲಜ ಪಕ್ಕದವಳಿಗೆ ಕೇಳಿಸುವಂತೆಯೇ ಹೇಳಿದಳು: "ಮನೇಲಿ ತೆಂಗಿನಕಾಯಿ ಸುಲಿ ಅಂದ್ರೆ ಕಿವಿ ಕೇಳಲ್ಲ. ಇಲ್ಲಿ ನೋಡು, ಮಂತ್ರಿ ಥರ ಎದ್ದು ನಿಂತವ್ನೆ."

ಹೆಂಗಸರು ನಕ್ಕರು. ಅವನೂ ಬಾಯಿಗೆ ಕೈ ಹಿಡಿದು ನಕ್ಕ.

ಸಭೆ ಮುಗಿದ ಮೇಲೆ ಕರಿಚಹಾ ಕುಡಿಯಲು ಅಡುಗೆಮನೆಗೆ ಬಂದ. ನಡುಗದ್ದೆ ಯಾಕೆ ಎಂದು ಕೇಳಿದೆ. ನನ್ನನ್ನು ಚೇಚ್ಚಿ, ಅಕ್ಕ, ಎಂದೇ ಕರೆಯುತ್ತಿದ್ದವನು ಬಾಗಿಲ ಕಡೆ ನೋಡಿ ತಗ್ಗಿದ ದನಿಯಲ್ಲಿ ಹೇಳಿದ.

"ಚೇಚ್ಚಿ, ತೂಬು ಒಂದೇ ಅಲ್ವಾ. ನಡುವಿನ ಒಂದು ತುಂಡಿಗೆ ಸಿಹಿನೀರು ಬೇಕಂದ್ರೆ ಇಡೀ ಬಯಲಿಗೇ ಉಪ್ಪು ನಿಲ್ಲಿಸ್ಬೇಕು. ಅಂಚಿನ ಗದ್ದೆ ಕೊಟ್ರೆ ಅಡ್ಡ ಏರಿ ಹಾಕಿ ಬೇರೆ ಮಾಡಿಬಿಡ್ತಾರೆ. ನಡುವಿಂದು ಹೆಂಗೆ ಬೇರೆ ಮಾಡ್ತಾರೆ? ಮಕ್ಕಳ ಪೈರು ಒಣಗಿಸಿದ ಅನ್ನೋ ಹೆಸರು ಮುದಲಾಳಿಗೆ ಬೇಡ. ಒಂದ್ಸಲ ತೂಬು ಮುಚ್ಚಿ ಬೆಳೆ ಕೈಗೆ ಬರಲಿ. ಬರೋ ವರ್ಷ ಎಲ್ಲರೂ ಬೀಜ ಕೇಳ್ತಾರೆ ನೋಡಿ."

ಅವನು ಹೇಳಿದಂತೆಯೇ ಆಯಿತು. ಮುದಲಾಳಿ ಗದ್ದೆ ಕೊಟ್ಟ, ತೂಬು ಮುಚ್ಚಿಸಿದ. ಸುಗುಣನ್ ತಾಯಿಯ ಬೀಜದಲ್ಲಿ ಅರ್ಧವನ್ನು ಶಾಲೆಗೆ ಕೊಟ್ಟ. ಇನ್ನರ್ಧವನ್ನು ಪಕ್ಕದ ತುಂಡಿನಲ್ಲಿ ತಾನು ಬಿತ್ತಿಕೊಳ್ಳಲೇ ಎಂದು ಕೇಳಿದ. "ಬಿತ್ತಿಕೋ, ನನಗೇನು ನಷ್ಟ" ಎಂದ ಮುದಲಾಳಿ. ಬೀಜ ಬಿತ್ತಲು ಕೆಸರಿನ ಕುಪ್ಪೆ ಹಾಕುವ ದಿನ ಶಾಲೆಗೆ ಶಾಲೆಯೇ ಗದ್ದೆಯಲ್ಲಿತ್ತು. ತಾಯಂದಿರು, ಅಜ್ಜಿಯರು, ಕಡೆಗೆ ಗಲ್ಫಿನಿಂದ ರಜೆಗೆ ಬಂದಿದ್ದ ಇಬ್ಬರು ತಂದೆಯರೂ ಇಳಿದರು. ಮಕ್ಕಳು ಕೆಸರು ಮೆತ್ತಿಕೊಂಡ ಚಿತ್ರ ಪತ್ರಿಕೆಯಲ್ಲಿ ಬಂತು. ವ್ಯಾನಿನ ಶಾಲೆಯಿಂದ ಮೂರು ಮಕ್ಕಳು ನಮ್ಮಲ್ಲಿಗೆ ಬಂದು ಸೇರಿದರು. ಅನಘ ವಾರವಾರ ಸ್ಕೇಲು ಹಿಡಿದು ಪೈರು ಅಳೆದು ಸುದ್ದಿಹಾಳೆಯಲ್ಲಿ ಬರೆಯುತ್ತಿದ್ದಳು. ಪೈರು ಅವಳಿಗಿಂತ ಎತ್ತರವಾದಾಗ ಅಪ್ಪನ ಹೆಗಲ ಮೇಲೆ ಕೂತು ಅಳೆದಳು.

ತೆನೆ ಹಾಲುಗಟ್ಟುತ್ತಿರುವಾಗ ಮುದಲಾಳಿ ಶಾಲೆಗೆ ಬಂದ. ಅವಸರದಲ್ಲಿ ಸಭೆ ಕರೆದರು. ಸಿಗಡಿ ಮರಿ ಈ ಸಲ ಬೇಗ ಬಂದಿದೆ, ಅಮಾವಾಸ್ಯೆಯ ಉಬ್ಬರಕ್ಕೆ ತೂಬು ತೆರೆಯುತ್ತೇನೆ ಎಂದ. ಅಮಾವಾಸ್ಯೆಗೆ ಉಳಿದದ್ದು ನಾಲ್ಕೇ ದಿನ. ಹಾಲುಗಟ್ಟಿದ ಕಾಳಿಗೆ ಉಪ್ಪು ತಾಗಿದರೆ ಜೊಳ್ಳು.

"ಮಕ್ಕಳ ಪೈರಿಗೆ ಒಂದು ತೊಟ್ಟು ಉಪ್ಪು ಬೀಳೋದು ಬೇಡ," ಎಂದ ಮುದಲಾಳಿ. ದನಿ ಮೆತ್ತಗಿತ್ತು. "ಸುತ್ತ ಏರಿ ಹಾಕಿಸ್ತೀನಿ. ಬಿದಿರು ನಂದು, ಕೂಲಿ ನಂದು."

ಸುಗುಣನ್ ಎದ್ದ. "ನಡುಗದ್ದೇಲಿ ಏರಿ ನಿಲ್ಲಲ್ಲ."

ಅವನು ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಹಿಂದಿನ ಬೆಂಚಿನಿಂದ ಇನ್ನೊಬ್ಬ ತಾಯಿ ರಮಣಿ ಅಂದಳು: "ಬೇರೆಯೋರು ಕಟ್ಟಿದ್ರೆ ನಿಲ್ಲಲ್ಲ. ನೀನು ಕಟ್ಟಿದ್ರೆ ನಿಲ್ಲುತ್ತೆ ಕಣೋ. ನಮ್ಗೊತ್ತಿಲ್ವಾ?"

ಅವಳು ಹೊಗಳಿಕೆಗೇ ಅಂದದ್ದು. ಎಲ್ಲರೂ ಹೌದು ಹೌದು ಎಂದರು.

"ನಾನು ಕಟ್ಟಲ್ಲ," ಎಂದ ಸುಗುಣನ್. "ಕೊಯ್ಲಾಗೋ ತನಕ ತೂಬು ತೆರೆಯೋದು ಬೇಡ ಅಂತ ನಾವೆಲ್ಲ ಒಟ್ಟಿಗೆ ಹೇಳೋಣ. ತೆರೆದ್ರೆ ತೆರೀಲಿ. ಮಕ್ಕಳ ಪೈರು ಸತ್ತದ್ದನ್ನೂ ಪೇಪರಿನೋರು ಬರೀಲಿ. ಆಮೇಲೆ ತೂಬು ಯಾರ ಕೈಲಿರುತ್ತೆ ನೋಡೋಣ."

ಅಲ್ಲಿದ್ದ ಹೆಂಗಸರಲ್ಲಿ ಹೆಚ್ಚಿನವರು ಬೆಳಗ್ಗೆ ಮುದಲಾಳಿಯ ಶೆಡ್ಡಿನಿಂದಲೇ ಕೈ ತೊಳೆದು ಬಂದವರು. ಎಲ್ಸಿ ಟೀಚರ್ ಕನ್ನಡಕ ತೆಗೆದು ಒರೆಸಿದರು.

"ಮಕ್ಕಳು ಕೇಳಿಸ್ಕೊಳ್ತಾರೆ ಸುಗುಣಾ. ಸಾಯಲಿ ಅಂತೆಲ್ಲ ಅನ್ನಬೇಡ. ಕೊಯ್ಲಿನ ಹಬ್ಬಕ್ಕೆ ಎಲ್ಲರನ್ನೂ ಕರೆದಾಗಿದೆ."

"ಏರಿ ಹೊರಗಿರೋ ನಮ್ಮ ತುಂಡು ಏನಾಗ್ಬೇಕು ಟೀಚರೇ?"

ಅದಕ್ಕೆ ಉತ್ತರ ಕೊಟ್ಟವಳು ಷೈಲಜ. ತಲೆ ಎತ್ತದೆ ಹೇಳಿದಳು: "ನಮ್ದು ಯಾರಿಗೆ ಬೇಕು. ಮಗು ಮುಖ ನೋಡಿ ಕಟ್ಟಿಬಿಡಿ. ನಾಳೆ ನಾನು ಶೆಡ್ಡಿಗೆ ಹೋಗೋದು ಬೇಡ್ವಾ?"

ಅವನು ಹೊರಗೆ ಬಂದು ಅಡುಗೆಮನೆಯ ಮೆಟ್ಟಿಲ ಮೇಲೆ ಕೂತ. ನಾನೂ ಒಳಗೆ ಬಂದು ಹೆಸರುಕಾಳು ಆರಿಸುತ್ತಿದ್ದೆ. ಅನಘ ಬಂದು ಅವನ ಬೆನ್ನಿಗೆ ಒರಗಿ ನಿಂತಳು.

"ಅಪ್ಪಾ, ನನ್ನ ಪೈರು ಸಾಯುತ್ತಾ?"

"ಯಾರು ಹೇಳಿದ್ರು?"

"ನೀವೇ ಅಂದ್ರಂತೆ, ಸಾಯಲಿ ಅಂತ."

ಅವನು ಕಾಲಿನ ಕೆಸರು ಕೆರೆದು ತೆಗೆದ. ಆಮೇಲೆ "ಇಲ್ಲ ಮಗಳೇ, ಸಾಯಲ್ಲ" ಎಂದು ಎದ್ದು ಗುದ್ದಲಿ ತರಲು ಹೋದ.

ಬಿದಿರ ಗೂಟ ಹೊಡೆದದ್ದು ಬೇರೆಯವರು. ಕೆಸರು ಕೂರಿಸಿದ್ದು ಅವನು. ಬರೀ ಕೆಸರು ಆ ಆಳದಲ್ಲಿ ನಿಲ್ಲುವುದಿಲ್ಲ, ಬೇರು ಹಿಡಿದ ಗಡ್ಡೆಯೇ ಬೇಕು. ಬೇರಿದ್ದದ್ದು ಎರಡು ಕಡೆ, ಮಕ್ಕಳ ಗದ್ದೆಯಲ್ಲಿ ಮತ್ತು ಪಕ್ಕದ ಅವನ ತುಂಡಿನಲ್ಲಿ. ಅವನು ತನ್ನ ತುಂಡಿನಲ್ಲಿ ಗುದ್ದಲಿ ಇಳಿಸಿದ.

"ಅಯ್ಯೋ, ತೆನೆ ಇರೋದನ್ನ ಕಡೀತಿದೀಯಲ್ಲೋ," ಎಂದು ಗೂಟ ಹೊಡೆಯುತ್ತಿದ್ದ ಕುಂಜಪ್ಪನ್ ಕೈ ನಿಲ್ಲಿಸಿದ.

"ಹೆಂಗೂ ಮುಳುಗೋದೇ. ಗಡ್ಡೆ ಹಿಡಿ."

ಹಾಲುಗಟ್ಟಿದ ತೆನೆಗಳು ತಲೆಕೆಳಗಾಗಿ ಏರಿಯೊಳಗೆ ಹೋದವು. ಮೂರು ದಿನ ಕಡಿದ. ಮಧ್ಯಾಹ್ನ ಅನಘಳ ಕೈಯಲ್ಲಿ ಅನ್ನ ಕಳಿಸಿದರೆ ಏರಿಯ ಮೇಲೆಯೇ ನಿಂತು ಉಂಡು ತಟ್ಟೆ ಕಳಿಸುತ್ತಿದ್ದ. ಅಮಾವಾಸ್ಯೆಯ ಬೆಳಗ್ಗೆ ತೂಬು ತೆರೆದರು. ನೀರು ಸದ್ದಿಲ್ಲದೆ ಬಂತು. ಅವನ ತುಂಡಿನಲ್ಲಿ ಉಳಿದಿದ್ದ ಪೈರು ಸಂಜೆಯ ಹೊತ್ತಿಗೆ ಮಲಗಿತ್ತು. ಏರಿ ಒಂದು ಬೆರಳಷ್ಟೂ ಜಾರಲಿಲ್ಲ.

ಕೊಯ್ಲಿನ ಹಬ್ಬದ ದಿನ ಸುತ್ತ ನೀರು, ನಡುವೆ ಹಳದಿ ತಿರುಗಿದ ಒಂದು ತುಂಡು ಭತ್ತ. ನೋಡಲು ಚೆಂದವೇ ಇತ್ತು. ನಡೆದು ಹೋಗುವ ಹಾಗಿಲ್ಲವಲ್ಲ, ಅತಿಥಿಗಳಿಗೆ ದೋಣಿ ಬೇಕಾಯಿತು. ಹೂ ಕಟ್ಟಿದ ದೋಣಿಯನ್ನು ಬಿದಿರ ಜಲ್ಲೆ ಊರಿ ನಡೆಸಿದವನು ಸುಗುಣನ್. ಅದಕ್ಕೂ ಮುದಲಾಳಿಯೇ ಕೂಲಿ ಕೊಟ್ಟ. ಪತ್ರಿಕೆಯವರಿಗೆ ಗದ್ದೆಗಿಂತ ದೋಣಿಯೇ ಹಿಡಿಸಿತು. ಮಕ್ಕಳ ಭತ್ತದ ದ್ವೀಪ ಎಂದು ಬರೆದರು, ಮಕ್ಕಳ ಬೆಳೆ ಕಾಯಲು ಸ್ವಂತ ಖರ್ಚಿನಲ್ಲಿ ಏರಿ ಹಾಕಿಸಿದ ದಿವಾಕರನ್ ಎಂದು ಬರೆದರು. ಚಿತ್ರದಲ್ಲಿ ಮುದಲಾಳಿ ಇದ್ದ, ಟೀಚರ್ ಇದ್ದರು, ತೆನೆ ಹಿಡಿದ ಅನಘಳೂ ಇದ್ದಳು. ಅವಳ ಹಿಂದೆ ಒಂದು ಜಲ್ಲೆ, ಅದನ್ನು ಹಿಡಿದ ಎರಡು ಕೈ.

ಹೊಸ ಅಕ್ಕಿಯ ಪಾಯಸ ನಾನೇ ಮಾಡಿದೆ. ಎಲ್ಲರೂ ಉಂಡು ಹೋದ ಮೇಲೆ ಸುಗುಣನ್ ಟೀಚರ ಕೋಣೆಯ ಬಾಗಿಲಲ್ಲಿ ನಿಂತ.

"ಟೀಚರೇ, ಎರಡು ಸೇರು ಭತ್ತ ಬೇಕಿತ್ತು. ಬೀಜಕ್ಕೆ. ನನ್ನ ಹತ್ರ ಇದ್ದದ್ದೆಲ್ಲ ಹೋಯ್ತು."

ಟೀಚರ ಮುಖ ಇಳಿಯಿತು. ಕೆಟ್ಟವರಲ್ಲ ಅವರು. "ಹೇಳಬಾರದಿತ್ತಾ ಸುಗುಣಾ. ಗಿರಣಿಗೆ ಕಳಿಸಿ ಅಕ್ಕಿ ಮಾಡಿಸಿ, ಅತಿಥಿಗಳಿಗೆ ಪುಟ್ಟ ಚೀಲ ಕಟ್ಟಿಕೊಟ್ಟೆವು. ಉಳಿದದ್ದು ಪಾಯಸಕ್ಕೆ. ಬೀಜ ಸಂಶೋಧನಾ ಕೇಂದ್ರದಲ್ಲಿ ಸಿಗುತ್ತಲ್ಲ, ಬರೆದು ತರಿಸೋಣ."

"ಅದು ಬೇರೆ ಬೀಜ ಟೀಚರೇ," ಎಂದು ಹೇಳಿ ಹೊರಟ. ಹೋಗುವಾಗ ನನ್ನ ದೊಡ್ಡ ಪಾತ್ರೆಯೊಳಗೆ ಒಮ್ಮೆ ಬಗ್ಗಿ ನೋಡಿದ. ನಾನು ಆಗಲೇ ತೊಳೆದಿಟ್ಟಿದ್ದೆ.

ಆಮೇಲೆ ಅವನು ಸಭೆಗೆ ಬರಲಿಲ್ಲ. ಬೆಳಗಿನ ದೋಣಿಗೆ ಪೇಟೆಗೆ ಹೋಗಿ ಸಿಮೆಂಟು ಕಲಸುವ ಕೆಲಸಕ್ಕೆ ನಿಂತ. ಶಾಲೆಯ ತುಂಡಿನ ಸುತ್ತ ಏರಿ ಹಾಗೆಯೇ ಇದ್ದುದರಿಂದ ತೂಬನ್ನು ಮುಚ್ಚುವ ಮಾತೇ ಮತ್ತೆ ಬರಲಿಲ್ಲ. ಅಷ್ಟು ಗಟ್ಟಿಯಾಗಿ ಕಟ್ಟಿದ್ದ.

ಆ ವರ್ಷ ಸಿಗಡಿ ಎಂದೂ ಇಲ್ಲದಷ್ಟು ಕೊಬ್ಬಿ ಬಂತು. ಮಕ್ಕಳ ಕೈಗುಣ ಎಂದರು ಶೆಡ್ಡಿನಲ್ಲಿ. ವಿಷುವಿನ ಹೊತ್ತಿಗೆ ಗಡುವು ಮುಗಿದು, ಊರಿಗೆ ಊರೇ ಕೆಸರಿಗೆ ಇಳಿಯಿತು. ಸುಗುಣನ್ ಇಳಿಯಲಿಲ್ಲ. ದಂಡೆಯ ಮೇಲೆ ಮಗಳ ಚಪ್ಪಲಿ ಹಿಡಿದು ನಿಂತಿದ್ದ. ಷೈಲಜ ಮತ್ತು ಅನಘ ಒಂದು ಬುಟ್ಟಿ ಹಿಡಿದರು. ಅದರಲ್ಲಿ ಅರ್ಧವನ್ನು ಅವನೇ ನನ್ನ ಜಗಲಿಗೆ ತಂದು ಸುರಿದ.

"ಇಷ್ಟು ಯಾಕೋ? ನಾನೊಬ್ಬಳೇ ಇರೋದು."

"ಒಯ್ದು ಒಳಗಿಡಿ ಚೇಚ್ಚಿ. ನಮ್ಮನೇಲಿ ನನಗೆ ತಿನ್ನೋಕಾಗಲ್ಲ. ಇವು ಯಾವ ಹುಲ್ಲು ತಿಂದು ಬೆಳೆದವೆ ಅಂತ ನಿಮಗೆ ಗೊತ್ತಲ್ಲ."

ಅವನು ಹೋದ ಮೇಲೆ ಸುಲಿದು, ತೊಳೆದು, ಕೊಡಂಪುಳಿಯ ಹುಳಿ ಹಾಕಿ ಸಾರು ಮಾಡಿದೆ. ಸಿಹಿಯಾಗಿದ್ದವು. ಆ ಬಯಲಿನ ಸಿಗಡಿ ಹಿಂದೆ ಅಷ್ಟು ರುಚಿಯಾಗಿದ್ದದ್ದು ಭತ್ತ ಬೆಳೆಯುತ್ತಿದ್ದ ಕಾಲದಲ್ಲೇ.