ಚುಕ್ಕಿಯಿದ್ದ ನಾಲ್ಕು ರೂಪಾಯಿ

ರಬಾಳೆಯ ಆಫೀಸಿನಿಂದ ಹೊರಟು, ಠಾಣೆಯಲ್ಲಿ ಗಾಡಿ ಬದಲಿಸಿ, ಡೊಂಬಿವಲಿಯ ಮನೆ ಮುಟ್ಟುವಷ್ಟರಲ್ಲಿ ನನ್ನಲ್ಲಿ ಮಾತನಾಡುವ ಶಕ್ತಿಯೂ ಉಳಿದಿರುತ್ತಿರಲಿಲ್ಲ. ಉಳಿದವರು ಟಿ.ವಿ. ಹಾಕಿದರೆ ನಾನು ಭೂತಗನ್ನಡಿ ಹಿಡಿದು ಹಳೆಯ ಬೆಳ್ಳಿ ನಾಣ್ಯ ನೋಡುತ್ತ ಕೂರುತ್ತಿದ್ದೆ. ಅವು ಏನನ್ನೂ ಕೇಳುವುದಿಲ್ಲ, ಅದೇ ನನಗೆ ಸುಖ. ಎರಡು ಪುಸ್ತಕ ಓದಿ ಪಂಡಿತನೂ ಆಗಿಬಿಟ್ಟಿದ್ದೆ. ಕನ್ನಡ ಸಂಘದವರು ಅಜ್ಜಿಯ ಕಾಲದ ರೂಪಾಯಿ ತಂದು ತೋರಿಸಿದರೆ 'ಸವೆದಿದೆ' ಎಂದು ಒಂದೇ ಮಾತಿನಲ್ಲಿ ತೀರ್ಪು ಕೊಡುತ್ತಿದ್ದೆ.

ಅಮ್ಮನ ಬಳಿ ಬ್ರಿಟಿಷ್ ರಾಜನ ತಲೆಯ ಎಂಟು ಬೆಳ್ಳಿ ರೂಪಾಯಿಗಳಿದ್ದವು. ನಾಲ್ಕು ದೇವರ ತಟ್ಟೆಯಲ್ಲಿ. ಪ್ರತಿ ದೀಪಾವಳಿಗೆ ಅವನ್ನು ಹುಣಸೆಹುಳಿಯಲ್ಲಿ ತೊಳೆದು, ಬಿಳಿ ಹಲ್ಲುಪುಡಿ ಹಾಕಿ ಫಳಫಳ ಹೊಳೆಯುವ ತನಕ ತಿಕ್ಕುತ್ತಿದ್ದಳು. ಇನ್ನು ನಾಲ್ಕು ಅವಳ ತಾಯಿಯ ಸೀರೆಯ ತುಂಡಿನಲ್ಲಿ ಗಂಟು ಕಟ್ಟಿ ಟ್ರಂಕಿನ ಅಡಿಯಲ್ಲಿದ್ದವು. ಆ ಗಂಟು ಬಿಚ್ಚಿದ್ದು ನಾನು ಕಂಡಿಲ್ಲ.

ಹಾಸಿಗೆ ಹಿಡಿದ ವರ್ಷ ಎಂಟನ್ನೂ ನನ್ನ ಕೈಗಿಟ್ಟಳು.

"ಒಳ್ಳೆಯ ನಾಲ್ಕು ಅಕ್ಕನಿಗೆ ಕೊಡು ಮಗಾ. ನಿನಗೆ ಗೊತ್ತಾಗ್ತದಲ್ಲ."

ಅಕ್ಕ ಸಾನಪಾಡಾದಲ್ಲಿ, ಭಾವನ ಹೋಟೆಲಿನ ಗಲಾಟೆಯ ನಡುವೆ ಇರುವವಳು. ನಾನು ಭೂತಗನ್ನಡಿ ಹಿಡಿದೆ. ತಟ್ಟೆಯ ನಾಣ್ಯಗಳಲ್ಲಿ ಇಸವಿಯ ಕೆಳಗೆ ಚುಕ್ಕಿಯಿಲ್ಲ, ಅಂದರೆ ಕಲ್ಕತ್ತೆಯ ಟಂಕಸಾಲೆಯವು. ರಾಜನ ಗಡ್ಡದ ಗೆರೆಗಳು ಸ್ಪಷ್ಟ. ಗಂಟಿನವುಗಳಲ್ಲಿ ಚುಕ್ಕಿಯಿತ್ತು, ಮುಂಬಯಿಯವು. ಕಪ್ಪಗಾಗಿದ್ದವು, ರಾಜನ ಕಿವಿಯೂ ನುಣುಪು. ಹೊಳೆಯುವುದನ್ನು ಅಕ್ಕನಿಗೆ ಕೊಟ್ಟು, ಕಪ್ಪನ್ನು ನಾನಿಟ್ಟುಕೊಂಡು, ಎಂಥ ಒಳ್ಳೆಯ ತಮ್ಮ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಅಮ್ಮ ಹೋಗಿ ಎರಡು ವರ್ಷದ ಮೇಲೆ ಠಾಣೆಯ ನಾಣ್ಯ ಪ್ರದರ್ಶನಕ್ಕೆ ನನ್ನ ಪಾಲಿನ ಒಂದನ್ನು ಒಯ್ದೆ. ವ್ಯಾಪಾರಿ ಅದನ್ನು ದೀಪದ ಕೆಳಗೆ ವಾರೆ ಮಾಡಿದ.

"ಘಿಸಾ ನಹೀ ಹೈ ಸಾಬ್. ಠಪ್ಪಾ ಹೀ ಹಲ್ಕಾ ಥಾ."

ಸವೆದದ್ದಲ್ಲ, ಅಚ್ಚೇ ಮೆತ್ತಗೆ ಬಿದ್ದದ್ದು. ನಾಣ್ಯದ ದರ್ಜೆ ಅಳೆಯುವ ನಿಯಮ ಎಲ್ಲ ಟಂಕಸಾಲೆಗೂ ಒಂದೇ, ಆದರೆ ಯಾವುದರ ಅಚ್ಚು ಯಾವ ವರ್ಷ ಹೇಗೆ ಬೀಳುತ್ತಿತ್ತು ಎಂದು ತಿಳಿದು ನೋಡಬೇಕು ಎಂದ. ಕಪ್ಪಿನ ಕೆಳಗೆ ಮೂಲದ ಹೊಳಪು ಹಾಗೇ ಇದೆ, ಇದು ಮೇಲಿನ ದರ್ಜೆ. ಹಲ್ಲುಪುಡಿಯಲ್ಲಿ ತಿಕ್ಕಿದ್ದಕ್ಕೆ? ಎಂದು ಕೇಳಿದೆ. ತಿಕ್ಕಿದರೆ ದರ್ಜೆ ಹೋಯಿತು, ಬರೀ ಬೆಳ್ಳಿಯ ಬೆಲೆ ಎಂದು ಅವನು ಕೈಯಾಡಿಸಿಬಿಟ್ಟ.

ಪಂಡಿತನೇ ಒಳ್ಳೆಯದನ್ನು ಒಳಗೆ ಹಾಕಿಕೊಂಡ ಎಂದು ಅಕ್ಕ ತಿಳಿದರೆ? ಅಮ್ಮನ ಕೊನೆಯ ಮಾತನ್ನೇ ತಿರುಚಿದ ಹಾಗಾಯಿತು. ಮೊದಲೇ ಸುಸ್ತಾದವನಿಗೆ ಇದೊಂದು ಹೊರೆ. ಐದು ತಿಂಗಳು ಇವತ್ತು, ನಾಳೆ ಎಂದು ತಳ್ಳಿ, ಲಕ್ಷ್ಮೀಪೂಜೆಯ ಹಿಂದಿನ ದಿನ ಗಂಟು ಹಿಡಿದು ಸಾನಪಾಡಾಕ್ಕೆ ಹೋದೆ. ಎಲ್ಲ ಹೇಳಿದೆ.

ಅಕ್ಕ ನನ್ನ ಮುಖವನ್ನೇ ನೋಡಿದಳು.

"ನಿನಗೆ ಗೊತ್ತಿರಲಿಲ್ವಾ?"

"ಇಲ್ಲ ಅಕ್ಕ. ದೇವರಾಣೆ."

 ಅವಳು ತಟ್ಟೆಯ ನಾಲ್ಕನ್ನು ನನಗೆ ಕೊಟ್ಟು, ಗಂಟು ತೆಗೆದುಕೊಂಡು ಒಳಗೆ ಹೋದಳು. ನಂಬಿದಳೋ ಇಲ್ಲವೋ ತಿಳಿಯಲಿಲ್ಲ. ಚಹಾ ತರುತ್ತಾಳೆಂದು ಕಾಯುತ್ತ ಕೂತೆ. ತುಂಬ ಹೊತ್ತಾಯಿತು. ಅಡುಗೆಮನೆಗೆ ಇಣುಕಿದರೆ ಸಿಂಕಿನ ಬಳಿ ಹುಳಿಯ ಬಟ್ಟಲು, ಪಕ್ಕದಲ್ಲಿ ಹಲ್ಲುಪುಡಿಯ ಡಬ್ಬ. ಮೂರು ಆಗಿಹೋಗಿದ್ದವು. ನಾಲ್ಕನೆಯದು ಅವಳ ಬೆರಳುಗಳ ನಡುವೆ ಇತ್ತು.

"ಅಕ್ಕಾ!"

"ಎಂತ ಮಾರಾಯ? ನಾಳೆ ಪೂಜೆ. ಇಷ್ಟು ಕಪ್ಪು ದೇವರ ಮುಂದೆ ಇಡ್ಲಿಕ್ಕೆ ಆಗ್ತದಾ? ಅಮ್ಮ ಹೀಗೇ ಅಲ್ವಾ ತಿಕ್ಕುತ್ತಿದ್ದದ್ದು?"

ತಡೆಯಲು ಚಾಚಿದ ಕೈಯನ್ನು ಹಿಂದೆಗೆದುಕೊಂಡೆ. ಎಷ್ಟೋ ದಿನದ ಮೇಲೆ ಎದೆ ಹಗುರಾಗಿತ್ತು. ಅಲ್ಲೇ ಸ್ಟೂಲಿನ ಮೇಲೆ ಕೂತು ಅವಳು ತಿಕ್ಕುವುದನ್ನು ನೋಡಿದೆ. ಇನ್ನು ಎಂಟೂ ಒಂದೇ ದರ್ಜೆ.