ಗಾರೆಯಿಲ್ಲದ ಕಿಟಕಿ

ಇದನ್ನು ಬರೆಯಲೆಂದು ಎಷ್ಟೋ ಸಲ ಕೂತು ಎದ್ದಿದ್ದೇನೆ. ಕನ್ನಡಕ ಬದಲಿಸಬೇಕು, ರಾಗಿ ಕಟಾವು ಮುಗಿಯಲಿ, ಮಗಳ ಮದುವೆ ಕಳೆಯಲಿ ಎಂದು ಪ್ರತಿ ಸಲವೂ ಒಂದು ನೆಪ ಸಿಕ್ಕಿತು. ಈಗ ನೆಪಗಳು ಮುಗಿದಿವೆ.

೨೦೦೫ರಲ್ಲಿ ನಾನು ಬೈರಮಂಗಲದ ಹತ್ತಿರ ಒಂದು ಕಟ್ಟಡದ ಸೈಟ್ ಸೂಪರ್‌ವೈಸರ್ ಆಗಿದ್ದೆ. ನನ್ನೂರು ಮರಳವಾಡಿ. ಎಸ್ಸೆಸ್ಸೆಲ್ಸಿ ಮುಗಿಸಿ ಕನಕಪುರದ ಗ್ರಾನೈಟ್ ಕ್ವಾರಿಗಳಲ್ಲಿ ಇಪ್ಪತ್ತೆರಡು ವರ್ಷ ದುಡಿದಿದ್ದೆ. ಕಲ್ಲಿನ ವಿಷಯದಲ್ಲಿ ನನಗೆ ಗೊತ್ತಿಲ್ಲದ್ದಿಲ್ಲ ಎಂಬ ಜಂಬವಿತ್ತು. ಆಗ ಬಿಡದಿಯ ಸುತ್ತ ಹೊಲಗಳಲ್ಲಿ ಒಂದರ ಹಿಂದೊಂದು ಕಾರ್ಖಾನೆ ಏಳುತ್ತಿದ್ದವು. ಅಂಥದೊಂದು ಕಾರ್ಖಾನೆಯ ಮಾಲೀಕರು ಜೈಸಲ್ಮೇರ್ ನೋಡಿಬಂದು, ತಮ್ಮ ಗೆಸ್ಟ್‌ಹೌಸಿನ ಮುಂಭಾಗ ಅಲ್ಲಿಯ ಅರಮನೆಯಂತೆಯೇ ಇರಬೇಕೆಂದು ಹಟ ಹಿಡಿದರು. ಹಳದಿ ಮರಳುಗಲ್ಲು ಲಾರಿಗಳಲ್ಲಿ ಬಂತು. ಕೆತ್ತುವ ಉಸ್ತಾದರೂ ಅಲ್ಲಿಂದಲೇ ಬಂದರು.

ಅರವತ್ತು ದಾಟಿದ ಮನುಷ್ಯ. ತಲೆತಲಾಂತರದಿಂದ ಕಲ್ಲು ಕೆತ್ತುವ ಮನೆತನ. ಎರಡೇ ತಿಂಗಳಲ್ಲಿ ನಮ್ಮ ಆಳುಗಳಿಂದ ಕನ್ನಡ ಕಲಿತರು. ಕಲಿತದ್ದು ಆಳುಗಳ ಕನ್ನಡವಾದ್ದರಿಂದ ಇಂಜಿನಿಯರಿಗೂ ಒಂದು ದಿನ, ‘ಕುಂತ್ಕೊಳ್ಲಾ, ಟೀ ಕುಡಿ’ ಎಂದುಬಿಟ್ಟರು. ನಾವು ನಕ್ಕು ಸುಸ್ತಾದೆವು. ನನ್ನನ್ನು ಕರೆಯುತ್ತಿದ್ದದ್ದು ‘ಲೇ ಮೇಸ್ತ್ರಿ’ ಎಂದು. ನನಗೆ ಅದು ಇಷ್ಟವಾಗಿತ್ತು.

ಮಧ್ಯಾಹ್ನ ಊಟವಾದ ಮೇಲೆ ಮರಳಿನ ಗುಡ್ಡೆಯ ಮೇಲೆ ಬೆರಳಿನಲ್ಲಿ ತಮ್ಮ ಊರನ್ನು ಬಿಡಿಸುತ್ತಿದ್ದರು. ಮೂರು ಮೂಲೆಯ ಬೆಟ್ಟ, ಅದರ ಮೇಲೆ ತೊಂಬತ್ತೊಂಬತ್ತು ಬುರುಜಿನ ಕೋಟೆ. ಎಂಟುನೂರು ವರ್ಷಕ್ಕೂ ಹಿಂದೆ ಜೈಸಲ್ ಎಂಬ ದೊರೆ ಕಟ್ಟಿಸಲು ಹಿಡಿದದ್ದು. ಒಳಗೆ ಒಂದರ ಮೇಲೊಂದು ಅಂತಸ್ತಿನ ಅರಮನೆ. ಕೋಟೆಯ ಹೊರಗೆ ಬಾದಲ್ ವಿಲಾಸ್ ಎಂಬ ಇನ್ನೊಂದು ಅರಮನೆ. ಅದರ ಗೋಪುರವನ್ನು ಅಲ್ಲಿಯ ಮುಸ್ಲಿಂ ಶಿಲ್ಪಿಗಳು ಮೊಹರಂನ ತಾಜಿಯಾ ಆಕಾರದಲ್ಲಿ ಐದು ಅಂತಸ್ತು ಕೆತ್ತಿ, ತಮ್ಮ ಹಿಂದೂ ರಾಜನಿಗೆ ಕಾಣಿಕೆ ಕೊಟ್ಟರಂತೆ.

‘ಅಂದ್ರೆ ನಮ್ಮ ಬಾಬಯ್ಯನ ಹಬ್ಬದ ತಾಬೂತ್ ಥರವಾ?’ ಎಂದ ಗಾರೆ ಕಲಸುವ ಕೆಂಚಪ್ಪ.

‘ಅದೇ ಕಣ್ಲಾ. ಆದ್ರೆ ಕಾಗದದ್ದಲ್ಲ, ಕಲ್ಲಿಂದು.’

ಅವರು ನಮಗಾಗಿ ಕೆತ್ತುತ್ತಿದ್ದದ್ದು ಜರೋಖಾ. ಗೋಡೆಯಿಂದ ಮುಂದಕ್ಕೆ ಚಾಚಿದ, ಮೇಲೆ ಗುಮ್ಮಟವಿರುವ ಕಿಟಕಿ. ಅದಕ್ಕೆ ಸಿಮೆಂಟ್ ಇಲ್ಲ, ಸುಣ್ಣವಿಲ್ಲ. ಒಂದು ಕಲ್ಲಿನ ಉಬ್ಬಿದ ಏಣನ್ನು ಇನ್ನೊಂದರಲ್ಲಿ ಕೊರೆದ ಕುಳಿಗೆ ಕೂಡಿಸಿ, ಅಲ್ಲಲ್ಲಿ ಕಬ್ಬಿಣದ ಕೊಂಡಿ ಹಾಕುವುದು.

‘ಸಾಬ್ರೇ, ಗಾರೆ ಇಲ್ದೆ ನಿಂತ್ಕತ್ತದಾ? ನಮ್ಮ ರಾಮನಗರದ ಕೋತಿ ಒಂದು ಕುಂತ್ರೆ ಬಿದ್ದೋಯ್ತದೆ!’ ಎಂದ ಕೆಂಚಪ್ಪ.

‘ಕೋತೀನೂ ಕುಂತ್ಕಳ್ಳಿ, ಪಕ್ಕದಾಗೆ ನೀನೂ ಕುಂತ್ಕೊ. ನಮ್ಮೂರಾಗೆ ಕುಡಿಯಾಕೇ ನೀರಿರಲಿಲ್ಲ, ಗಾರೆ ಕಲ್ಸಾಕೆ ಎಲ್ಲಿಂದ ತರಾದು? ಕಲ್ಲು ತಂತಾನೆ ಕೂತ್ಕತ್ತದೆ. ಒಸಿ ತಾಳಬೇಕು.’

ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದರು: ‘ಕಣ್ಣು ಮಂಜಾಗ್ತಾ ಐತೆ ಮೇಸ್ತ್ರಿ. ಇದೇ ನನ್ನ ಕಡೇ ಕಿಟಕಿ. ಇದು ನಿಂತ್ರೆ ಸಾಕು, ಉಳಿ ಕೆಳಗೆ ಮಡಗ್ತೀನಿ.’

ಕಿಟಕಿ ಏರಿಸಿದ ವಾರಕ್ಕೆ ರಂಜಾನ್ ಹಬ್ಬ ಬಂತು. ಅವರು ನಮಾಜಿಗೆ ರಾಮನಗರಕ್ಕೆ ಹೋದರು. ನಾನು ಸಾರುವೆ ಹತ್ತಿ ಕೂಡಿಕೆಗಳನ್ನು ನೋಡಿದೆ. ಕಿಟಕಿಯನ್ನು ಹೊತ್ತ ಕಲ್ಲುತೋಳಿನ ಬುಡದ ಸಂದಿನಲ್ಲಿ ತೂರಿಸಿ ನೋಡಿದರೆ ನನ್ನ ಬಸ್ ಟಿಕೆಟ್ಟಿನ ತುದಿ ಒಳಗೆ ಹೋಯಿತು. ಭಾರ ಇಳಿದ ಹಾಗೆ ಕಲ್ಲು ಕೂರಲೆಂದು ಬಿಟ್ಟ ಜಾಗ ಅದು. ಅವರು ಹೇಳಿಯೇ ಇದ್ದರು. ಆದರೆ ಗ್ರಾನೈಟಿನವನಿಗೆ ಸಂದು ಎಂದರೆ ತಪ್ಪು. ತಿಂಗಳೊಳಗೆ ಗೃಹಪ್ರವೇಶವಿತ್ತು, ಬಿದ್ದರೆ ನನ್ನ ತಲೆಗೆ ಬರುತ್ತದೆಂಬ ಭಯವೂ ಇತ್ತು. ಕೆಂಚಪ್ಪನಿಂದ ಸಿಮೆಂಟ್ ಹಾಲು ಕಲಸಿಸಿ ಸಂದುಗಳಿಗೆಲ್ಲ ಸುರಿಸಿದೆ. ಹೊರಗೆ ಕಾಣದಂತೆ ಹಳದಿ ಕಲ್ಲುಪುಡಿ ಒರೆಸಿದೆ.

ಮಧ್ಯಾಹ್ನ ಅವರು ಹೊಸ ಜುಬ್ಬ ಹಾಕಿಕೊಂಡು, ನನಗೆಂದು ಟಿಫನ್ ಕ್ಯಾರಿಯರಿನಲ್ಲಿ ಶಾವಿಗೆ ಪಾಯಸ ತಂದರು. ಅವರ ಎದುರಿಗೇ ಕೂತು ತಿಂದೆ. ಹೇಳಲಿಲ್ಲ.

ಮೂರನೆಯ ವಾರ ಮಳೆ ಹಿಡಿಯಿತು. ಒಂದು ಬೆಳಿಗ್ಗೆ ಕಲ್ಲುತೋಳು ಉದ್ದಕ್ಕೆ ಸೀಳಿತ್ತು. ಕೂರಲು ಜಾಗವಿಲ್ಲದ ಕಲ್ಲು ಭಾರವನ್ನೆಲ್ಲ ಒಂದೇ ಅಂಚಿನ ಮೇಲೆ ಹೇರಿತ್ತು. ಉಸ್ತಾದರು ಸಾರುವೆ ಹತ್ತಿ ಸಂದನ್ನು ಉಗುರಿನಿಂದ ಕೆರೆದರು. ಬೆರಳ ತುದಿಗೆ ಬೂದು ಪುಡಿ ಬಂತು. ಅದನ್ನು ಹೆಬ್ಬೆರಳಿನಿಂದ ಉಜ್ಜಿ ನೋಡಿ, ಕೆಳಗಿದ್ದ ನನ್ನನ್ನು ನೋಡಿದರು. ಕೆಂಚಪ್ಪ ನೆಲ ನೋಡುತ್ತಿದ್ದ.

ಮಾಲೀಕರು ಬಂದರು. ‘ಯಾರ ತಪ್ಪು ಇದು?’

ಬಾಯಿ ತೆರೆದವನು ನಾನು. ‘ಅವರು ಹೇಳ್ದಂಗೇ ಕಟ್ಟಿದ್ದು ಸಾರ್. ಸಿಮೆಂಟ್ ಇಲ್ದೆ ನಿಲ್ಲಾಕಿಲ್ಲ ಅಂತ ನಾನ್ ಆವತ್ತೇ ಅಂದಿದ್ದೆ.’

ಉಸ್ತಾದರು ಸಾರುವೆಯಿಂದ ಇಳಿದು ಬಂದರು. ‘ನಾನೇ ಬಿಚ್ಚಿ ಮತ್ತೆ ಕೂಡಿಸ್ತೀನಿ. ಒಂದ್ ತಿಂಗಳು ಕೊಡಿ’ ಎಂದು ಕೈಮುಗಿದರು. ಕೊಡಲಿಲ್ಲ. ಮರುದಿನ ಜೆಸಿಬಿ ಬಂತು. ಗುಮ್ಮಟ, ಜಾಲಂಧ್ರ, ಏಳು ತಿಂಗಳ ಕೆತ್ತನೆ, ಎಲ್ಲವೂ ಗೇಟಿನ ಮುಂದಿನ ಹಳ್ಳಕ್ಕೆ ತುಂಬಿಹೋಯಿತು. ಅವರು ಉಳಿಗಳನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ನನ್ನ ಬಳಿ ಬಂದರು.

‘ಒಸಿ ತಾಳ್ಬೇಕಿತ್ತು, ಸ್ವಾಮಿ.’

ಲೇ ಎನ್ನಲಿಲ್ಲ. ಮೇಸ್ತ್ರಿ ಎನ್ನಲಿಲ್ಲ. ಆ ‘ಸ್ವಾಮಿ’ ಇವತ್ತಿಗೂ ಚುಚ್ಚುತ್ತದೆ.

ನಿವೃತ್ತಿಯ ಮೇಲೆ ಒಂದು ಟೂರ್ ಬಸ್ಸಿನಲ್ಲಿ ಜೈಸಲ್ಮೇರಿಗೆ ಹೋದೆ. ಅವರು ಮರಳಿನಲ್ಲಿ ಬಿಡಿಸಿದ ಹಾಗೆಯೇ ಇತ್ತು. ಅರಮನೆಯ ಒಂದು ಕೂಡಿಕೆಯನ್ನು ಉಗುರಿನಿಂದ ಕೆರೆದು ನೋಡಿದೆ. ಕೈಗೆ ಹತ್ತಿದ್ದು ಬರೀ ಹಳದಿ ಧೂಳು. ಅಂಗಡಿಯವನೊಬ್ಬ ಕಲ್ಲು ಕೆತ್ತುವವರ ಬೀದಿಯನ್ನು ತೋರಿಸಿದ. ಬೀದಿಯ ಬಾಯಿಯವರೆಗೂ ಹೋದೆ. ಒಳಗೆ ಉಳಿಯ ಸದ್ದು ಕೇಳುತ್ತಿತ್ತು. ಬಸ್ಸಿನವರು ಹಾರ್ನ್ ಮಾಡಿದರು. ಅದನ್ನೇ ನೆಪ ಮಾಡಿಕೊಂಡು ತಿರುಗಿ ಬಂದೆ.

ಇನ್ನೊಬ್ಬರ ಕಸುಬು ಅರ್ಥವಾಗದಿದ್ದರೆ ಅದಕ್ಕೆ ಕೈ ಹಾಕಬಾರದು. ಹಾಕಿದರೆ ಅಂದೇ ಬಾಯಿಬಿಟ್ಟು ಹೇಳಬೇಕು. ನಲವತ್ತು ವರ್ಷದ ಕೆಲಸ ನನಗೆ ಕಲಿಸಿದ್ದು ಇಷ್ಟೇ. ಅದನ್ನೂ ತಡವಾಗಿ ಕಲಿತೆ.

ಸೈಟಿನ ಹಾಜರಿ ಪುಸ್ತಕದಲ್ಲಿ ಅವರನ್ನು ‘ರಾಜಸ್ಥಾನದ ಸಾಬರು’ ಎಂದಷ್ಟೇ ಬರೆಯುತ್ತಿದ್ದೆ. ಇಲ್ಲಿಯೂ ಇಷ್ಟು ಹೊತ್ತು ಉಸ್ತಾದರು ಎಂದೇ ದಾಟಿಸಿಕೊಂಡು ಬಂದೆ. ಅವರಿಗೊಂದು ಹೆಸರಿತ್ತು. ಮೆಹರ್‌ದೀನ್ ಸಿಲಾವಟ್.